ಮೋರಿ ಬಂತು, ಏಳಿ

ಮದುವೆಯಾದ ಹೊಸತರಲ್ಲಿ ಗಂಡನನ್ನು ಮೊದಲ ಸಲ ನಮ್ಮೂರಿಗೆ ಕರೆದುಕೊಂಡು ಹೋದಾಗ ಅವರ ತಲೆಗೆ ಜೀಪಿನ ಪೈಪು ಬಡಿಯಿತು. ಹುಡ್ ಕಟ್ಟುವ ಕಬ್ಬಿಣದ ಪೈಪು, ಜೋರಾಗಿಯೇ ಬಡಿಯಿತು. ಅಮ್ಮ ಅಯ್ಯಯ್ಯೋ ಅಂದರು. ಅಪ್ಪ ಜೀಪು ನಿಲ್ಲಿಸದೆಯೇ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದರು. ತಮ್ಮ ನಕ್ಕ. ಅವರು ತಲೆ ಉಜ್ಜಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ, ನೀವೆಲ್ಲ ಒಟ್ಟಿಗೆ ಯಾಕೆ ಎದ್ದಿರಿ?"

ಎದ್ದಿದ್ದೆವಂತೆ. ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ. ಟಾರು ರಸ್ತೆ ಬಿಟ್ಟು ಮನೆ ಕಡೆಗೆ ಇಳಿಯುವ ಮೂರು ಕಿಲೋಮೀಟರ್ ಮಣ್ಣುದಾರಿಯಲ್ಲಿ ಒಂದು ಮೋರಿ ಇದೆ. ಮೋರಿಯ ಕಲ್ಲುಚಪ್ಪಡಿ ದಾರಿಗಿಂತ ಸ್ವಲ್ಪ ಮೇಲಿದೆ, ಅದರಾಚೆ ಮಳೆನೀರು ಕೊರೆದ ತಗ್ಗು. ಅದು ಬರುವ ಹೊತ್ತಿಗೆ ಸರಿಯಾಗಿ ಹಿಂದೆ ಕೂತವರೆಲ್ಲ ಪೈಪು ಹಿಡಿದು ಒಂದು ಗೇಣು ಮೇಲೇಳುತ್ತಿದ್ದೆವು. ಅಮ್ಮ ಮೊಟ್ಟೆಯ ಚೀಲವನ್ನು ತೊಡೆಯಿಂದ ಎತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದರು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಯಾರ ಮದುವೆ, ಯಾರ ಮನೆ ಹಸು ಕರು ಹಾಕಿತು ಅನ್ನುವ ಸುದ್ದಿಯ ನಡುವೆಯೇ ಎದ್ದು, ಜೀಪು ದಡಬಡ ಅಂತ ಎರಡು ಮೂರು ಸಲ ಕುಪ್ಪಳಿಸಿ ಸುಮ್ಮನಾದ ಮೇಲೆ ಮತ್ತೆ ಕೂರುತ್ತಿದ್ದೆವು. ಕಾಫಿ ಕುಯ್ಲಿಗೆ ಬರುವ ಹೆಂಗಸರಲ್ಲಿ ಯಾರಾದರೂ ಹೊಸಬರಿದ್ದರೆ ಒಬ್ಬರು "ಮೋರಿ ಬಂತು, ಏಳಿ" ಅಂತ ಕೂಗುವುದಿತ್ತು. ಅಳಿಯನಿಗೂ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಅವರು ಮಂಡ್ಯ ಕಡೆಯವರು. ಸಮತಟ್ಟಾದ ಊರು, ನೇರ ಮಾತು. ರಾತ್ರಿ ಊಟಕ್ಕೆ ಕೂತಾಗ "ಮಾವ, ಜೀಪಿನ ಶಾಕ್ ಅಬ್ಸಾರ್ಬರ್ ಹೋಗಿರಬೇಕು ಅನ್ಸತ್ತೆ" ಅಂದರು. ಅಪ್ಪ ಅಕ್ಕಿರೊಟ್ಟಿ ಮುರಿಯುತ್ತಾ "ಜೀಪು ಅಂದ್ರೆ ಹಂಗೇ" ಅಂದರು. ಆ ಮಾತು ಅಲ್ಲಿಗೆ ಮುಗಿಯಿತು. ಮುಗಿದದ್ದು ಮತ್ತೆ ಶುರುವಾಗೋಕೆ ನಾಲ್ಕು ವರ್ಷ ಬೇಕಾಯಿತು.

ಜೀಪು ಮಹೀಂದ್ರಾ ಎಂಎಂ 540, 1991ರದ್ದು. ಪ್ಯೂಜೋ ಎಂಜಿನ್, 2112 ಸಿಸಿ ಡೀಸೆಲ್. ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ಇಂಥ ಜೀಪುಗಳು ಇವತ್ತಿಗೂ ಸಾಕಷ್ಟಿವೆ. ಪೇಟೆಯವರು ವಾರಾಂತ್ಯಕ್ಕೆ ದೊಡ್ಡ ಟೈರಿನ ಹೊಸ ಗಾಡಿ ತಂದು ಕೆಸರಲ್ಲಿ ಹೊರಳಾಡಿ ಅದಕ್ಕೆ ಆಫ್‌ರೋಡ್ ಅನ್ನುತ್ತಾರೆ. ನಮಗೆ ಅದು ಮನೆಗೆ ಹೋಗುವ ದಾರಿ, ಅಷ್ಟೇ. ಗೊಬ್ಬರದ ಮೂಟೆ, ಮೆಣಸಿನ ಚೀಲ, ಹೆರಿಗೆ ನೋವು ಬಂದ ಹೆಂಗಸು, ಗಣಪತಿ ವಿಗ್ರಹ ಎಲ್ಲವೂ ಅದೇ ಜೀಪಿನಲ್ಲಿ ಅದೇ ಮೋರಿ ದಾಟಿವೆ.

ಈ ಸಲ ವಿಷಯ ಎದ್ದದ್ದು ಟೈರಿನಿಂದ. ಮಳೆಗಾಲಕ್ಕೆ ಮುಂಚೆ ಮುಂದಿನ ಎರಡು ಟೈರು ಬದಲಾಯಿಸೋಣ ಅಂತ ನಾನೇ ಜೀಪು ತೆಗೆದುಕೊಂಡು ಪೇಟೆಗೆ ಹೋದೆ. ಟೈರ್ ಅಂಗಡಿಯ ಹುಡುಗ ಹಳೆಯದರ ಮೇಲೆ ಅಂಗೈ ಸವರಿ, "ಅಕ್ಕ, ಇಲ್ನೋಡಿ, ಅಲ್ಲಲ್ಲಿ ತಿಂದುಬಿಟ್ಟಿದೆ" ಅಂದ. ನಾನೂ ಸವರಿದೆ. ಟೈರಿನ ಸುತ್ತ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು, ಮತ್ತೆ ತಗ್ಗು. ಚಕ್ರ ನೆಲಕ್ಕೆ ಅಂಟಿಕೊಂಡು ಉರುಳದೆ ಪುಟಿಯುತ್ತಾ ಓಡಿದರೆ ಹೀಗೆ ಸವೆಯುತ್ತದೆ. ಪುಟಿದು ಬಿದ್ದ ಜಾಗ ಉಜ್ಜಿಹೋಗುತ್ತದೆ. "ಶಾಕ್ ಮಾಡಿಸದೆ ಹೊಸ ಟೈರ್ ಹಾಕಿದ್ರೆ ಇದೂ ಇಷ್ಟೇ ಆಗತ್ತೆ" ಅಂತ ಹೇಳಿದ. ಟೈರ್ ಮಾರುವವನೇ ಟೈರ್ ಬೇಡ ಅಂದ ಮೇಲೆ ನಂಬಲೇಬೇಕಲ್ವಾ.

ಅಲ್ಲಿಂದ ಮಾಮೂಲಿ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಜೀಪಿನ ಮೂಲೆ ಒತ್ತಿ ಕುಣಿಸಿ ನೋಡುತ್ತಾರೆ ಅಂದುಕೊಂಡಿದ್ದೆ. ಕಾರಿಗೆ ಹಾಗೆ ಮಾಡುತ್ತಾರೆ. ಕೈಯಿಂದ ಒತ್ತಿ ಬಿಟ್ಟಾಗ ಒಂದೇ ಸಲಕ್ಕೆ ಮೇಲೆ ಬಂದು ನಿಂತರೆ ಸರಿ, ಕುಣಿಯುತ್ತಲೇ ಇದ್ದರೆ ಶಾಕ್ ಹೋಗಿದೆ ಅಂತ ಲೆಕ್ಕ. ಅವರು ಅದನ್ನು ಮಾಡಲೇ ಇಲ್ಲ. "ಈ ಸ್ಪ್ರಿಂಗ್ ಪ್ಲೇಟು ನನ್ನ ಭಾರಕ್ಕೆಲ್ಲಾ ಬಗ್ಗತ್ತಾ ಅಕ್ಕ" ಅಂತ ನಕ್ಕು, ಜೀಪನ್ನು ತಾವೇ ತೆಗೆದುಕೊಂಡು ಹಿಂದಿನ ಕಲ್ಲುದಾರಿಯಲ್ಲಿ ಹತ್ತು ನಿಮಿಷ ಓಡಿಸಿ ತಂದರು. ಇಳಿದವರೇ ಅಡಿಗೆ ಕೈ ಹಾಕಿ ನಾಲ್ಕೂ ಶಾಕನ್ನು ಒಂದೊಂದಾಗಿ ಮುಟ್ಟಿದರು. ನನಗೂ ಮುಟ್ಟಲು ಹೇಳಿದರು. ಹಿಂದಿನ ಎಡಗಡೆಯದು ಬಿಸಿಯಾಗಿತ್ತು. ಉಳಿದ ಮೂರೂ ತಣ್ಣಗಿದ್ದವು.

"ಬಿಸಿ ಇರೋದು ಕೆಲಸ ಮಾಡ್ತಿದೆ. ತಣ್ಣಗಿರೋವು ಸುಮ್ನೆ ನೇತಾಡ್ತಿವೆ."

ಇಷ್ಟು ಸರಳವಾಗಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಶಾಕ್ ಅಬ್ಸಾರ್ಬರ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಗುಂಡಿಯ ಹೊಡೆತ ನುಂಗುವುದು ಸ್ಪ್ರಿಂಗು, ಅಂದರೆ ನಮ್ಮ ಜೀಪಿನಲ್ಲಿ ಪ್ಲೇಟು. ಆದರೆ ಸ್ಪ್ರಿಂಗಿಗೆ ಒಂದು ಚಾಳಿ. ನುಂಗಿದ್ದನ್ನು ಹಾಗೇ ವಾಪಸ್ ಕೊಡುತ್ತದೆ, ಮತ್ತೆ ನುಂಗುತ್ತದೆ, ಮತ್ತೆ ಕೊಡುತ್ತದೆ. ಉಯ್ಯಾಲೆ ತೂಗಿ ಬಿಟ್ಟ ಹಾಗೆ. ಅದನ್ನು ಹಿಡಿದು ನಿಲ್ಲಿಸುವುದು ಶಾಕಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು. ಚಕ್ರ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಸುಳಬೇಕು. ಆ ಕಷ್ಟದಲ್ಲಿ ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಬದಲಾಗಿ ಗಾಳಿಗೆ ಹೋಗುತ್ತದೆ. ನಾಟಿ ಗದ್ದೆಯಲ್ಲಿ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಸರಿನಲ್ಲಿ ಕಾಲನ್ನು ನಿಧಾನ ಎಳೆದರೆ ಬರುತ್ತದೆ, ಜೋರಾಗಿ ಕಿತ್ತರೆ ಕೆಸರು ಹಿಡಿದುಕೊಳ್ಳುತ್ತದೆ. ಎಷ್ಟು ಜೋರೋ ಅಷ್ಟು ಹಿಡಿತ. ಶಾಕಿನದ್ದೂ ಅದೇ ಗುಣ. ಸಣ್ಣಗೆ ತೂಗಿದರೆ ಬಿಡುತ್ತದೆ, ಜೋರಾಗಿ ಎಗರಿದರೆ ಹಿಡಿಯುತ್ತದೆ. ಅದರಲ್ಲೂ ಮೇಲೆ ಒತ್ತುವಾಗಿನದಕ್ಕಿಂತ ಕೆಳಗೆ ಬಿಚ್ಚಿಕೊಳ್ಳುವಾಗ ಜಾಸ್ತಿ ಹಿಡಿಯುವ ಹಾಗೆ ಮಾಡಿರುತ್ತಾರೆ. ಪ್ಲೇಟು ಒದೆಯುವುದು ಆಗಲೇ ಅಲ್ವಾ.

ಹಾಗಾದರೆ ಮೂರು ಶಾಕ್ ಸತ್ತಿದ್ದರೂ ನಮಗೆ ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ನನ್ನನ್ನು ಜಾಸ್ತಿ ಕಾಡಿದ್ದು ಈ ಪ್ರಶ್ನೆ. ಒಂದು ಕಾರಣ ಪ್ಲೇಟುಗಳೇ. ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳು ಬಗ್ಗುವಾಗ ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟವೇ ಸ್ವಲ್ಪ ಮಟ್ಟಿಗೆ ಕುಣಿತ ತಡೆಯುತ್ತದೆ. ಸುರುಳಿ ಸ್ಪ್ರಿಂಗಿನ ಕಾರಿಗೆ ಶಾಕ್ ಸತ್ತರೆ ಅದು ದೋಣಿಯ ಹಾಗೆ ತೇಲಾಡುತ್ತದೆ, ಒಂದೇ ದಿನಕ್ಕೆ ಗೊತ್ತಾಗುತ್ತದೆ. ಜೀಪು ಹಾಗಲ್ಲ, ಹೇಗೋ ನಿಭಾಯಿಸುತ್ತದೆ. ಇನ್ನೊಂದು ಕಾರಣ, ಶಾಕ್ ಒಂದೇ ದಿನಕ್ಕೆ ಸಾಯುವುದಿಲ್ಲ. ಸೀಲು ಸ್ವಲ್ಪ ಸವೆಯುತ್ತದೆ, ಒಂದು ಹನಿ ಎಣ್ಣೆ ಹೊರಗೆ ಬರುತ್ತದೆ, ಅದಕ್ಕೆ ಧೂಳು ಅಂಟುತ್ತದೆ, ಆ ಧೂಳೇ ಸೀಲನ್ನು ಇನ್ನಷ್ಟು ತಿನ್ನುತ್ತದೆ. ಎಣ್ಣೆ ಹೋದ ಜಾಗಕ್ಕೆ ಗಾಳಿ. ಗಾಳಿ ಬೆರೆತ ಎಣ್ಣೆ ನೊರೆಯಾಗುತ್ತದೆ, ನೊರೆಗೆ ಹಿಡಿತ ಇಲ್ಲ. ಇದೆಲ್ಲ ವರ್ಷಗಟ್ಟಲೆ ನಡೆಯುವ ಕೆಲಸ. ಅಷ್ಟರಲ್ಲಿ ನಾವು ಪೈಪು ಹಿಡಿಯುವುದು ಕಲಿತೆವು, ಅಮ್ಮ ಮೊಟ್ಟೆ ಎತ್ತುವುದು ಕಲಿತರು. ಜೀಪು ಕೆಟ್ಟದ್ದಕ್ಕೂ ನಾವು ಹೊಂದಿಕೊಂಡದ್ದಕ್ಕೂ ಹೆಚ್ಚುಕಡಿಮೆ ಒಂದೇ ವೇಗ ಇತ್ತು.

ಗ್ಯಾರೇಜಿನಲ್ಲಿ ಮೂರು ದಿನ ಬಿಡಿ ಅಂದರು. ಎದುರಿಗೆ ಸಾಲಾಗಿ ಪಿಕಪ್‌ಗಳು ನಿಂತಿದ್ದವು. ನನಗೆ ಒಂದು ವಾರ ರಜೆ ಇತ್ತು. "ನಾವೇ ಹಾಕೋಣ ಅಪ್ಪ, ಎಂಟು ನಟ್ಟು ತಾನೆ" ಅಂದೆ. ಎಂಟು ನಟ್ಟು ಅನ್ನುವ ಮಾತನ್ನು ಅಮ್ಮ ಇವತ್ತಿಗೂ ಆಡಿಕೊಂಡು ನಗುತ್ತಾರೆ.

ಶಾಕ್ ತರಲು ಹಾಸನಕ್ಕೆ ಹೋದೆವು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದ್ದು ನಾನು, ಉತ್ತರ ಬಂದದ್ದೆಲ್ಲ ಅಪ್ಪನಿಗೆ. ಇದು ಅಭ್ಯಾಸವಾಗಿದೆ, ಬಿಡಿ. "ಗೇಬ್ರಿಯಲ್ ಕೊಡ್ಲಾ ಗೌಡ್ರೇ?" ಅಂದರು. ನಮ್ಮ ಕಡೆ ಶಾಕ್ ಅಂದರೆ ಬಾಯಿಗೆ ಬರುವ ಮೊದಲ ಹೆಸರು ಅದೇ. 1961ರಿಂದ ಇಲ್ಲಿ ತಯಾರಾಗುತ್ತಿದೆ, ಹೆಸರು ಮಾತ್ರ ಅಮೆರಿಕದ್ದು. ಆ ಹೆಸರಿನ ಕಥೆ ನನಗೆ ತುಂಬಾ ಇಷ್ಟ. ಕ್ಲೀವ್‌ಲ್ಯಾಂಡ್ ಊರಿನ ಕ್ಲಾಡ್ ಫಾಸ್ಟರ್ ಅನ್ನುವವನು ಎಂಜಿನ್ನಿನ ಹೊಗೆಯಿಂದಲೇ ಊದುವ ಹಾರ್ನ್ ಮಾಡಿ ಮಾರುತ್ತಿದ್ದ. ತುತ್ತೂರಿ ಊದುವ ದೇವದೂತ ಗೇಬ್ರಿಯಲ್, ಅದಕ್ಕೇ ಹಾರ್ನಿಗೆ ಆ ಹೆಸರು. ಆಮೇಲೆ ಗಾಡಿಯ ಕುಣಿತ ತಡೆಯುವ ಸಾಧನಕ್ಕೆ ಕೈ ಹಾಕಿದ, ಹೆಸರು ಹಾಗೇ ಉಳಿಯಿತು. ಸದ್ದು ಮಾಡುವ ಹಾರ್ನಿನ ಹೆಸರು ಸದ್ದಿಲ್ಲದೆ ಕೆಲಸ ಮಾಡುವ ಶಾಕಿಗೆ ಬಂತು.

ನಾಲ್ಕಕ್ಕೂ ಸೇರಿ 5,000 ರೂಪಾಯಿಯ ಆಸುಪಾಸು. ರಬ್ಬರಿನ ಬುಷ್, ವಾಷರ್ ಬೇರೆ. ಸಂತೋಷದಲ್ಲಿ ಮನೆಗೆ ಬಂದು ಹಳೆಯದರ ಪಕ್ಕ ಹೊಸದನ್ನು ಹಿಡಿದು ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಟೇಪು ತಂದು ಅಳೆದೆ. ಜೀಪು ಸಮತಟ್ಟು ನೆಲದಲ್ಲಿ ನಿಂತಾಗ ಹಿಂದೆ ಶಾಕ್ ಸಿಕ್ಕಿಸುವ ಮೇಲಿನ ಪಿನ್ನಿಗೂ ಕೆಳಗಿನ ಪಿನ್ನಿಗೂ 16 ಇಂಚು. ಹೊಸ ಶಾಕನ್ನು ಪೂರ್ತಿ ಎಳೆದರೆ 17 ಇಂಚು. ಅಂದರೆ ಚಕ್ರ ಗುಂಡಿಗೆ ಇಳಿಯಲು ಒಂದೇ ಇಂಚು ಜಾಗ. ಆಮೇಲೆ ಇಡೀ ಹೌಸಿಂಗಿನ, ಅಂದರೆ ಎರಡೂ ಚಕ್ರ ಹಿಡಿದಿರುವ ಅಚ್ಚಿನ ಭಾರ ಶಾಕಿನ ತುದಿಯ ಕಣ್ಣಿಗೆ ಜೋತು ಬೀಳುತ್ತದೆ. ನಮ್ಮ ಮೋರಿಯಲ್ಲಿ ಒಂದೇ ತಿಂಗಳಿಗೆ ಕಿತ್ತು ಬರುತ್ತಿತ್ತು.

ತಪ್ಪು ಅಂಗಡಿಯದ್ದಲ್ಲ. ಅವರು ಗಾಡಿಯ ಹೆಸರು ಕೇಳಿ ಅದಕ್ಕೆ ಸರಿಯಾದ್ದನ್ನೇ ಕೊಟ್ಟಿದ್ದರು. ಅಪ್ಪ ಸುಮ್ಮನೆ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಹಿಂದೆ ಒಂದೊಂದು ಪ್ಲೇಟು ಜಾಸ್ತಿ ಹಾಕ್ಸಿದೀನಿ" ಅಂದರು. ಯಾವಾಗ ಅಂತ ಕೇಳಿದರೆ, ನಾನು ಹೈಸ್ಕೂಲಿನಲ್ಲಿದ್ದಾಗ. ಗೊಬ್ಬರದ ಮೂಟೆ ಹೇರಿದರೆ ಹಿಂದೆ ಕೂರುತ್ತಿತ್ತಂತೆ, ಅದಕ್ಕೆ. ಮಲೆನಾಡಿನ ಅರ್ಧ ಜೀಪುಗಳಿಗೆ ಈ ವೈದ್ಯ ಆಗಿರುತ್ತದೆ. ಪ್ಲೇಟು ಜಾಸ್ತಿಯಾದರೆ ಗಾಡಿ ಮೇಲೇಳುತ್ತದೆ, ಶಾಕ್ ಎಳೆದುಕೊಂಡೇ ನಿಂತಿರುತ್ತದೆ. ಹಳೆಯ ಶಾಕ್ ಬೇಗ ಸತ್ತದ್ದೂ ಬಹುಶಃ ಅದಕ್ಕೇ. ಆ ಪ್ಲೇಟು ತೆಗೆಸೋಣ ಅಂದೆ. ಮೆಣಸಿನ ಬೆಳೆಗೆ ದೃಷ್ಟಿ ತಾಗಿತು ಅನ್ನುವ ಮುಖದಲ್ಲಿ ನನ್ನನ್ನು ನೋಡಿದರು.

ಹಾಗಾಗಿ ಹಿಂದಿನ ಎರಡನ್ನು ವಾಪಸ್ ಕೊಟ್ಟು, ಉದ್ದದ್ದು ಹುಡುಕಿದೆವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಮ್ಮನ ಸ್ನೇಹಿತನೊಬ್ಬ ಅರ್ಧ ದಿನ ಅಲೆದು ಕಳಿಸಿದ. ಪೂರ್ತಿ ಎಳೆದರೆ 20 ಇಂಚು, ಪೂರ್ತಿ ಒತ್ತಿದರೆ 12. ಎಳೆದ ಅಳತೆ ಮಾತ್ರ ನೋಡಿದರೆ ಸಾಲದು, ಒತ್ತಿದ್ದೂ ಮುಖ್ಯ. ಪ್ಲೇಟು ಪೂರ್ತಿ ಬಗ್ಗಿ ಹೌಸಿಂಗು ಚಾಸಿಯ ರಬ್ಬರಿಗೆ ಬಡಿಯುವ ಮುಂಚೆಯೇ ಶಾಕ್ ಒಳಗೆ ಮುಟ್ಟಿಬಿಟ್ಟರೆ ಪಿನ್ನೇ ಮುರಿಯುತ್ತದೆ. ನಮ್ಮದರಲ್ಲಿ ಆ ರಬ್ಬರಿಗೆ 3 ಇಂಚು ಅಂತರ ಇತ್ತು. 16ರಲ್ಲಿ 3 ಹೋದರೆ 13. ಶಾಕು 12ರವರೆಗೂ ಹೋಗುತ್ತದೆ. ಒಂದು ಇಂಚು ಉಳಿಯಿತು. ಅಡಿಕೆ ಲೆಕ್ಕ ಹಾಕುವ ಹಾಗೆ ಅಪ್ಪ ಇದನ್ನು ಬೆರಳಲ್ಲಿ ಎರಡು ಸಲ ಎಣಿಸಿ ಒಪ್ಪಿದರು.

ಇನ್ನು ಎಂಟು ನಟ್ಟು.

ಮೂವತ್ತು ವರ್ಷದ ಜೀಪಿನ ಅಡಿಯಲ್ಲಿ ಮಲಗುವ ಮುಂಚೆ ಒಂದು ಮಾತು. ಜಾಕನ್ನು ನಂಬಬೇಡಿ. ಪ್ಲೇಟಿನ ಗಾಡಿಗೆ ಶಾಕ್ ಬದಲಾಯಿಸಲು ಚಕ್ರ ಎತ್ತಲೇಬೇಕು ಅಂತಿಲ್ಲ. ಜೀಪು ತನ್ನ ಕಾಲ ಮೇಲೆ ನಿಂತಿರುವಾಗಲೇ ಬಿಚ್ಚಬಹುದು, ಹೌಸಿಂಗನ್ನು ಪ್ಲೇಟುಗಳು ಹಿಡಿದುಕೊಂಡಿರುತ್ತವೆ. ಅಡಿಯಲ್ಲಿ ಜಾಗವೂ ಬೇಕಾದಷ್ಟಿದೆ. ನಾವು ಕಾಫಿ ಕಣದ ಸಿಮೆಂಟಿನ ಮೇಲೆ ಜೀಪು ನಿಲ್ಲಿಸಿ, ಗೇರು ಹಾಕಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಸೈಜುಗಲ್ಲು ಕೊಟ್ಟೆವು. ಹ್ಯಾಂಡ್‌ಬ್ರೇಕ್ ಬಗ್ಗೆ ನಾನು ಏನೂ ಹೇಳುವುದಿಲ್ಲ, ಹಳೆ ಜೀಪು ಇಟ್ಟುಕೊಂಡವರಿಗೆ ಗೊತ್ತು.

ಕೆಳಗಿನ ಪಿನ್ನು ಇರುವುದು ಪ್ಲೇಟಿನ ಅಡಿಗೆ ಯು ಬೋಲ್ಟ್ ಹಿಡಿಯುವ ತಗಡಿನಲ್ಲಿ. ಅಂದರೆ ಇಡೀ ಜೀಪಿನಲ್ಲಿ ಕಲ್ಲಿಗೆ, ಕೆಸರಿಗೆ, ಹೊಳೆನೀರಿಗೆ ಮೊದಲು ಸಿಗುವ ಜಾಗ. ನಟ್ಟು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಮೊದಲ ದಿನ ತಂತಿ ಬ್ರಷ್ಷಿನಿಂದ ಕೆರೆಯುವುದೇ ಆಯಿತು. ಸಂಜೆ ಎಂಟಕ್ಕೂ ಡೀಸೆಲ್ಲಿನಲ್ಲಿ ನೆನೆಸಿದ ಬಟ್ಟೆ ಸುತ್ತಿ ಬಿಟ್ಟೆವು. ಅಮ್ಮ ಬಂದು ನೋಡಿ, "ಮಂಡಿನೋವಿಗೆ ಎಣ್ಣೆಪಟ್ಟಿ ಕಟ್ಟಿದ ಹಂಗಿದೆ" ಅಂದರು.

ಎರಡನೇ ದಿನ ಮೇಲಿನ ನಾಲ್ಕೂ ನಟ್ಟು ಬಂದವು. ಅಪ್ಪ ಒಂದು ಉಪಾಯ ತೋರಿಸಿದರು. ತುಕ್ಕು ಹಿಡಿದ ನಟ್ಟನ್ನು ಮೊದಲು ಬಿಚ್ಚಲು ಹೋಗಬಾರದು, ಒಂದು ಕೂದಲೆಳೆಯಷ್ಟು ಬಿಗಿ ಮಾಡಬೇಕು. ಕಟ್ ಅಂತ ಒಂದು ಸದ್ದು ಬರುತ್ತದೆ. ಆಮೇಲೆ ಬಿಚ್ಚಬೇಕು. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಡೀಸೆಲ್ ಬಿಟ್ಟು, ಮತ್ತೆ ಬಿಚ್ಚಬೇಕು. ಅವಸರ ಮಾಡಿದರೆ ಪಿನ್ನಿನ ಮರೆ, ಅಂದರೆ ನಟ್ಟು ತಿರುಗುವ ಸುರುಳಿ ಗೆರೆ, ಕಿತ್ತುಹೋಗುತ್ತದೆ. ನಟ್ಟು ಹಾಳಾದರೆ ಎಸೆಯಬಹುದು, ಪಿನ್ನು ಹಾಳಾದರೆ ಆ ತಗಡನ್ನೇ ಬದಲಾಯಿಸಬೇಕು, ಅದಕ್ಕೆ ಯು ಬೋಲ್ಟ್ ಬಿಚ್ಚಬೇಕು. ಯು ಬೋಲ್ಟ್ ಬಿಚ್ಚಿದರೆ ಆಮೇಲೆ ನಿಮ್ಮ ವಾರದ ರಜೆ ಸಾಲುವುದಿಲ್ಲ.

ಕೆಳಗಿನ ನಾಲ್ಕರಲ್ಲಿ ಮೂರು ಸಂಜೆಯೊಳಗೆ ಬಂದವು. ಮುಂದಿನ ಬಲಗಡೆಯದು ಬರಲಿಲ್ಲ. ರಿಂಗ್ ಪಾನಾಕ್ಕೆ ಪೈಪು ಸಿಕ್ಕಿಸಿ ನಾನು ಕಾಲಿನಿಂದ ಒತ್ತಿದೆ, ಪಾನಾ ಜಾರಿ ನಟ್ಟಿನ ಮೂಲೆಗಳು ದುಂಡಗಾದವು. ನನ್ನ ಗೆಣ್ಣೂ ಕಿತ್ತುಹೋಯಿತು. ಅಪ್ಪ ಏನೂ ಅನ್ನಲಿಲ್ಲ, ಅನ್ನದಿದ್ದದ್ದೇ ಜಾಸ್ತಿ ಕೇಳಿಸಿತು. ಮರುದಿನ ಅವರು ಸಣ್ಣ ಉಳಿ ತಂದು, ನಟ್ಟಿನ ಒಂದು ಮಗ್ಗುಲಿಗೆ ಇಟ್ಟು, ಮರೆಗೆ ತಾಗದ ಹಾಗೆ ಒಂದೊಂದೇ ಪೆಟ್ಟು ಕೊಡುತ್ತಾ ಹೋದರು. ಒಂದೂವರೆ ಗಂಟೆ. ನಾನು ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿದಿದ್ದೆ. ಜೀಪಿನ ಅಡಿಯಲ್ಲಿ ಅಕ್ಕಪಕ್ಕ ಮಲಗಿದರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಅದಕ್ಕೋ ಏನೋ ಅವರು ಅವತ್ತು ತುಂಬಾ ಮಾತಾಡಿದರು. ಜೀಪು ತಂದ ದಿನ ಊರವರೆಲ್ಲ ಬಂದು ನೋಡಿದ್ದು, ಅಜ್ಜ ಒಮ್ಮೆಯೂ ಮುಂದಿನ ಸೀಟಿನಲ್ಲಿ ಕೂರಲು ಒಪ್ಪದೆ ಹಿಂದೆಯೇ ಕೂತದ್ದು, ಅದರ ಸಾಲ ತೀರಿದ ವರ್ಷವೇ ಕಾಫಿ ಬೆಲೆ ಬಿದ್ದದ್ದು. ನಟ್ಟು ಸೀಳಿತು. ಪಿನ್ನಿಗೆ ಒಂದು ಗೀರೂ ಆಗಿರಲಿಲ್ಲ.

ಹಾಕುವ ಕೆಲಸ ಬಿಚ್ಚುವ ಕೆಲಸದ ಹತ್ತನೇ ಒಂದು ಪಾಲೂ ಇಲ್ಲ. ಒಂದೆರಡು ಮಾತು ಮಾತ್ರ ಹೇಳುತ್ತೇನೆ. ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟ ಶಾಕಿನಲ್ಲಿ ಎಣ್ಣೆ ಇರಬೇಕಾದ ಕಡೆ ಗಾಳಿ ಸೇರಿರುತ್ತದೆ. ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿದರೆ ಗಾಳಿ ಮೇಲಕ್ಕೆ ಹೋಗಿ ಹಿಡಿತ ಸಮನಾಗುತ್ತದೆ. ಮೊದಲ ಸಲ ಒತ್ತಿದಾಗ ನಡುವೆ ಎಲ್ಲೋ ಒಂದು ಕಡೆ ಜಾರಿದ ಹಾಗೆ ಆಗುತ್ತದೆ, ಮೋಸ ಹೋದೆವು ಅಂದುಕೊಳ್ಳಬೇಡಿ. ಹೊಳೆಯುವ ರಾಡನ್ನು ಕಟಿಂಗ್ ಪ್ಲೈಯರಿನಲ್ಲಿ ಹಿಡಿಯಲೇಬೇಡಿ, ಒಂದು ಗೀರು ಬಿದ್ದರೂ ಅದು ಪ್ರತಿ ಸಲ ಸೀಲನ್ನು ಕೊಯ್ಯುತ್ತದೆ. ಬುಷ್ಷಿಗೆ ಗ್ರೀಸ್ ಬೇಡ, ರಬ್ಬರು ಉಬ್ಬುತ್ತದೆ. ಸೋಪಿನ ನೀರು ಸಾಕು. ನಟ್ಟನ್ನು ಕೊನೆಯ ಬಿಗಿ ಮಾಡುವಾಗ ಜೀಪಿನ ಭಾರ ಚಕ್ರದ ಮೇಲೆ ಇರಬೇಕು, ಎತ್ತಿದಾಗ ಬಿಗಿ ಮಾಡಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇರುತ್ತದೆ. ಒಂದು ಕಡೆಯದು ಮಾತ್ರ ಹೋಗಿದ್ದರೂ ಜೋಡಿಯಾಗಿಯೇ ಬದಲಾಯಿಸಿ. ಎತ್ತಿನ ಜೋಡಿಯಲ್ಲಿ ಒಂದು ಎಳೆಯದು, ಒಂದು ಮುದಿಯದು ಕಟ್ಟಿದರೆ ಗಾಡಿ ಯಾವ ಕಡೆ ಎಳೆಯುತ್ತದೆ ಅಂತ ನಮ್ಮ ಅಜ್ಜನಿಗೆ ಗೊತ್ತಿತ್ತು.

ಬಿಚ್ಚಿದ ನಾಲ್ಕನ್ನೂ ಕಣದ ಕಟ್ಟೆಗೆ ಒರಗಿಸಿ ಇಟ್ಟಿದ್ದೆವು. ಅಪ್ಪ ಮುಂದಿನ ಎಡಗಡೆಯದನ್ನು ಎತ್ತಿಕೊಂಡು ಒತ್ತಿದರು. ಸೈಕಲ್ ಪಂಪಿನಷ್ಟೂ ಬಿಗಿ ಇರಲಿಲ್ಲ. ಒತ್ತಿದರೆ ಸರ್ರನೆ ಒಳಗೆ, ಎಳೆದರೆ ಸರ್ರನೆ ಹೊರಗೆ. ಒಳಗೆ ಗುಳುಗುಳು ಸದ್ದು. ಆಮೇಲೆ ಹೊಸದೊಂದನ್ನು ಎಳೆದರು. ಎರಡೂ ಕೈ ಹಾಕಿ, ಹಲ್ಲು ಕಚ್ಚಿ, ನಿಧಾನಕ್ಕೆ. ಮತ್ತೆ ಹಳೆಯದು. ಮತ್ತೆ ಹೊಸದು. ಹೀಗೆ ನಾಲ್ಕೈದು ಸಲ ಮಾಡಿದರು. ಏನೂ ಮಾತಾಡಲಿಲ್ಲ. "ಎಷ್ಟು ವರ್ಷ ಹಿಂಗೇ ಓಡಿಸಿದೆ ನಾನು" ಅಂತ ಕೇಳಿದ್ದು ನನ್ನನ್ನಲ್ಲ ಅನ್ನಿಸಿತು, ಸುಮ್ಮನಿದ್ದೆ.

ಆಗ ನನಗೆ ಹೊಳೆದದ್ದು ಇದು. ಅಪ್ಪನ ಡ್ರೈವಿಂಗ್ ಬಗ್ಗೆ ಊರಲ್ಲಿ ಒಂದು ಹೆಸರಿದೆ. ಗೌಡ್ರು ಜೀಪು ಹೊಡೆದರೆ ಮಡಿಲ ಮಗು ಎದ್ದೇಳಲ್ಲ ಅನ್ನುತ್ತಾರೆ. ಮೂರು ಜಾಗದಲ್ಲಿ ಅವರು ತಪ್ಪದೆ ಎರಡನೇ ಗೇರಿಗೆ ಇಳಿಯುತ್ತಾರೆ. ಮೋರಿಗೆ ಮುಂಚೆ, ಶಾಲೆಯ ತಿರುವಿನಲ್ಲಿ, ನಮ್ಮ ಗೇಟಿನ ಹತ್ತಿರದ ಇಳಿಜಾರಿನಲ್ಲಿ. ಪಿಯುಸಿ ಮುಗಿದ ರಜೆಯಲ್ಲಿ ತೋಟದೊಳಗೆ ನನಗೆ ಜೀಪು ಕಲಿಸಿದವರು ಅವರೇ. ಹಾಗಾಗಿ ನಾನೂ ಎಲ್ಲ ಉಬ್ಬುತಗ್ಗಿಗೂ ಹಾಗೇ ಇಳಿಯುತ್ತಿದ್ದೆ. ಹಾಸನದಲ್ಲಿ ಕಾರು ಓಡಿಸಲು ಶುರು ಮಾಡಿದಾಗ ಗಂಡ ಕೇಳಿದ್ದರು, ಇಷ್ಟು ಸಣ್ಣ ಉಬ್ಬಿಗೆ ಯಾಕೆ ಇಷ್ಟು ದೂರದಿಂದ ಬ್ರೇಕು ಅಂತ. ಅಪ್ಪ ಹೇಳಿಕೊಟ್ಟದ್ದು ಅಂತ ಹೆಮ್ಮೆಯಿಂದ ಹೇಳಿದ್ದೆ. ಈಗ ಕಟ್ಟೆಗೆ ಒರಗಿದ ಆ ನಾಲ್ಕು ಕೊಳವೆ ನೋಡುತ್ತಾ ಅನುಮಾನ ಬಂತು. ನನಗೆ ಡ್ರೈವಿಂಗ್ ಕಲಿಸಿದ್ದು ಅಪ್ಪನೋ, ಎಣ್ಣೆ ಸೋರಿದ ಶಾಕೋ?

ಸಂಜೆ ಎಲ್ಲರೂ ಹತ್ತಿ ಕೂತೆವು. ಮೊದಲು ಕೇಳಿಸಿದ್ದು ಸದ್ದುಗಳು. ಇಷ್ಟು ದಿನ ದಡಬಡದಲ್ಲಿ ಮುಳುಗಿಹೋಗಿದ್ದ, ಪ್ಲೇಟಿನ ತುದಿಯ ಶ್ಯಾಕಲ್ ಬುಷ್ಷಿನ ಕಿರಕಿರ, ಟೂಲ್ ಬಾಕ್ಸಿನಲ್ಲಿ ಹೊರಳುವ ಒಂದು ಬೋಲ್ಟು, ಹಿಂದಿನ ಡೋರಿನ ಗಲಗಲ ಎಲ್ಲವೂ ಬೇರೆ ಬೇರೆಯಾಗಿ ಕೇಳತೊಡಗಿದವು. ಮೆತ್ತಗಾಯಿತು ಅಂತ ಹೇಳಲಾರೆ. ಪ್ಲೇಟಿನ ಜೀಪು ಪ್ಲೇಟಿನ ಜೀಪೇ, ಬೆನ್ನಿಗೆ ಗುಂಡಿಯ ಲೆಕ್ಕ ಸಿಗುತ್ತಲೇ ಇರುತ್ತದೆ. ಆದರೆ ಈಗ ಒಂದು ಗುಂಡಿಗೆ ಒಂದೇ ಪೆಟ್ಟು. ಕಲ್ಲು ಸಿಕ್ಕಾಗ ಸ್ಟೇರಿಂಗು ಕೈಯಿಂದ ಕಿತ್ತುಕೊಳ್ಳುತ್ತಿದ್ದದ್ದು ಕಡಿಮೆಯಾಗಿತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನೆಲ ಕಚ್ಚುತ್ತಿತ್ತು, ಮೊದಲು ಸಣ್ಣಕಲ್ಲಿನ ಮೇಲೆ ತಟತಟ ಪುಟಿದುಕೊಂಡು ಹೋಗುತ್ತಿತ್ತು.

ಮೋರಿ ಬಂತು. ಎಲ್ಲರೂ ಎದ್ದೆವು, ಗಂಡ ಕೂಡ. ಜೀಪು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದು ನಿಂತಿತು. ನಾವು ಪೈಪು ಹಿಡಿದು ಗಾಳಿಯಲ್ಲಿ ಕಾಯುತ್ತಾ ಇದ್ದೆವು.

ಅಪ್ಪ ಈಗ ಮೋರಿಯನ್ನು ಮೂರನೇ ಗೇರಿನಲ್ಲೇ ದಾಟುತ್ತಾರೆ. ಗೇಟಿನ ಇಳಿಜಾರನ್ನೂ ಹಾಗೇ. ಶಾಲೆಯ ತಿರುವಿನಲ್ಲಿ ಮಾತ್ರ ಇನ್ನೂ ಎರಡಕ್ಕೆ ಇಳಿಯುತ್ತಾರೆ. ಅಲ್ಲಿ ರಸ್ತೆ ಚೆನ್ನಾಗಿದೆ, ಗುಂಡಿ ಇಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ನಾಲ್ಕು ಗಂಟೆಗೆ ಬೆಲ್ ಹೊಡೆದರೆ ಮಕ್ಕಳು ಎರಡೂ ಕಡೆ ನೋಡದೆ ಓಡಿ ಬರುವ ಜಾಗ ಅದು. ಕಾರಿನಲ್ಲಿ ಹೋದರೂ ನಾನು ಅಲ್ಲಿ ಎರಡಕ್ಕೇ ಇಳಿಯುತ್ತೇನೆ.

ಹಳೆಯ ಶಾಕುಗಳನ್ನು ಗುಜರಿಗೆ ಹಾಕಲು ಹೇಳಿ ಬಂದಿದ್ದೆ. ಮುಂದಿನ ತಿಂಗಳು ಹೋದಾಗ ಮೂರು ಹೋಗಿದ್ದವು. ನಾಲ್ಕನೆಯದು, ಆವತ್ತು ಬಿಸಿಯಾಗಿದ್ದ ಹಿಂದಿನ ಎಡಗಡೆಯದು, ಅಟ್ಟದ ಮೇಲಿತ್ತು. ನಮ್ಮ ಅಟ್ಟದ ಬಾಯಿಗೆ ಹಲಸಿನ ಹಲಗೆಯ ಕದ ಇದೆ. ಏಣಿ ಹತ್ತಿ ತಲೆಯಿಂದ ತಳ್ಳಿ ಎತ್ತಬೇಕು, ಕೈ ತಪ್ಪಿದರೆ ಧಡ್ ಅಂತ ಬಿದ್ದು ಮುಚ್ಚಿಕೊಳ್ಳುತ್ತದೆ. ಅಮ್ಮ ಅದಕ್ಕೆ ಹೆದರಿ ಉಪ್ಪಿನಕಾಯಿ ಜಾಡಿ ಇಳಿಸಲು ಯಾರನ್ನಾದರೂ ಕರೆಯುತ್ತಿದ್ದರು. ಅಪ್ಪ ಗೋಡೆಯ ಮರಕ್ಕೊಂದು, ಕದದ ತಿರುಗಣಿಯ ಹತ್ತಿರ ಒಂದು ಬೋಲ್ಟು ಬಿಗಿದು ಶಾಕನ್ನು ನೆಟ್ಟಗೆ ಸಿಕ್ಕಿಸಿದ್ದರು. ಕದ ಬೀಳುವಾಗ ಶಾಕ್ ಎಳೆದುಕೊಳ್ಳುವ ಹಾಗೆ. ಎಳೆಯುವಾಗಲೇ ಹಿಡಿತ ಜಾಸ್ತಿ ಅಂತ ಜೀಪಿನ ಅಡಿಯಲ್ಲಿ ಮಲಗಿದ್ದಾಗ ನಾನೇ ಹೇಳಿದ್ದೆ.

"ಅಡ್ಡ ಹಾಕಿದ್ರೆ ಗಾಳಿ ತಗೊಳತ್ತಲ್ಲ, ಅದಕ್ಕೇ ನೆಟ್ಟಗೆ ಹಾಕ್ದೆ" ಅಂದರು. ಆಮೇಲೆ ಏಣಿಯ ಬುಡದಲ್ಲಿ ನಿಂತು, "ಬಿಡು ಪುಟ್ಟಿ, ಕೈ ಬಿಡು, ನೋಡು" ಅಂದರು. ಬಿಟ್ಟೆ. ಕದ ನನ್ನ ತಲೆಯ ಮೇಲೆ ಒಂದು ಕ್ಷಣ ನಿಂತ ಹಾಗೆ ಆಗಿ, ಉಸ್ ಅನ್ನುತ್ತಾ ನಿಧಾನಕ್ಕೆ ಇಳಿಯಿತು. ಅಷ್ಟರಲ್ಲಿ ನಾನು ಜಾಡಿ ಹಿಡಿದು ಮೂರು ಮೆಟ್ಟಿಲು ಇಳಿದಾಗಿತ್ತು.